ಬಾಯ್ಲರಿಗೆ ನೀರು ತುಂಬಿದ ಹಬ್ಬ

ನಮ್ಮ ಹಾಗೇ ಪರದೇಶಕ್ಕೆ ಬಂದ ಸ್ನೇಹಿತರೆಲ್ಲ ಸಮಾಮಿಶ್‌ನಲ್ಲೋ ಎಜುಕೇಶನ್ ಹಿಲ್‌ನಲ್ಲೋ ಬಣ್ಣದ ವಾಸನೆ ಇನ್ನೂ ಆರದ ಹೊಸ ಮನೆಗಳನ್ನು ಕೊಳ್ಳುತ್ತಿದ್ದ ಕಾಲದಲ್ಲಿ ನಾವು ಬಾಥೆಲ್‌ನ ಇಳಿಜಾರಿನಲ್ಲಿ ಒಂದು ಹಳೇ ಮನೆ ತೆಗೆದುಕೊಂಡೆವು. ನಾರ್ತ್ ಕ್ರೀಕ್‌ನ ಇವಳ ಆಫೀಸಿಗೆ ಹತ್ತಿರ ಎಂದು ನನ್ನ ಗಂಡ ಎಲ್ಲರಿಗೂ ಹೇಳುತ್ತಿದ್ದ. ನಿಜವಾದ ಕಾರಣ ಬೇಸ್ಮೆಂಟಿನಲ್ಲಿದ್ದ, ಮನೆ ಕಾಯಿಸುವ ಬಾಯ್ಲರ್. ಮನೆ ನೋಡಲು ಹೋದ ದಿನ ಆ ದಪ್ಪ ಹೊಟ್ಟೆಯ, ಹಸಿರು ಬಣ್ಣ ಅಲ್ಲಲ್ಲಿ ಕಿತ್ತುಹೋದ ಯಂತ್ರವನ್ನು ಕಂಡು ನಾನು ಅಲ್ಲೇ ನಿಂತುಬಿಟ್ಟೆ. ದಿನವಿಡೀ ಕಣ್ಣಿಗೆ ಕಾಣದ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ ನನ್ನದು. ತನ್ನ ಕಷ್ಟಸುಖವನ್ನೆಲ್ಲ ಗಡಿಯಾರದಂಥ ಗೇಜಿನ ಒಂದೇ ಮುಳ್ಳಿನಲ್ಲಿ ತೋರಿಸುವ ಯಂತ್ರ ನನಗೆ ಬಹಳ ಹಿಡಿಸಿತು.

ಅದು ಎಣ್ಣೆಯಿಂದ ಉರಿಯುವ ಬಾಯ್ಲರ್. ಒಂದು ಚಿಕ್ಕ ಪಂಪು ಎಣ್ಣೆಯನ್ನು ಒತ್ತಿ, ಸಾಸಿವೆ ಕಾಳೂ ತೂರದಷ್ಟು ಸಣ್ಣ ತೂತಿನಿಂದ ಹೊರಗೆ ದೂಡುತ್ತದೆ. ಒತ್ತಿದ ರಭಸಕ್ಕೆ ಎಣ್ಣೆ ಮಂಜಾಗುತ್ತದೆ, ಮಂಜಿಗೆ ಕಿಡಿ ತಗುಲುತ್ತದೆ, ಭುಸ್ಸೆಂದು ಹತ್ತಿಕೊಳ್ಳುತ್ತದೆ. ಮೈಸೂರಿನಲ್ಲಿ ನಮ್ಮ ಬೀದಿಯ ಇಸ್ತ್ರಿಯವನು ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಗೆ ಊದುತ್ತಿದ್ದ. ಕೆನ್ನೆ ಉಬ್ಬಿಸಿ ಊದಿದರೆ ಮಂಜು, ಸೋಮಾರಿತನ ಮಾಡಿದರೆ ಬರೀ ಜೊಲ್ಲು. ಎಣ್ಣೆಯದೂ ಅದೇ ಕಥೆ. ಒತ್ತಡ ಕಡಿಮೆಯಾದರೆ ಹನಿಯಾಗಿ ಬಿದ್ದು ಹೊಗೆ ಬರುತ್ತದೆ, ಮಸಿ ಕಟ್ಟುತ್ತದೆ.

ಇನ್ನೊಂದು ಒತ್ತಡ ನೀರಿನದು, ಮುಳ್ಳು ತೋರಿಸುವುದು ಅದನ್ನೇ. ಬಾಯ್ಲರಿನಲ್ಲಿ ಕಾದ ನೀರು ಕೊಳವೆಗಳಲ್ಲಿ ಮೇಲೇರಿ, ಪ್ರತಿ ಕೋಣೆಯ ಕಿಟಕಿಯ ಕೆಳಗಿರುವ ಕಬ್ಬಿಣದ ರೇಡಿಯೇಟರುಗಳೊಳಗೆ ಸುತ್ತಿ, ಕೋಣೆಗೆ ಶಾಖ ಕೊಟ್ಟು ಕೆಳಗೆ ವಾಪಸು ಬರುತ್ತದೆ. ವರ್ಷಗಟ್ಟಲೆ ಅದೇ ನೀರು. ಅದರಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಸ್ನಾನದ ನೀರಿಗೆ ಮೂಲೆಯಲ್ಲಿ ಬೇರೆಯೇ ಒಂದು ಕರೆಂಟಿನ ಟ್ಯಾಂಕು. ನಮ್ಮೂರಲ್ಲಾದರೆ ತಾರಸಿ ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿಯುತ್ತದೆ. ಇಲ್ಲಿ ಕೆಳಗಿನಿಂದ ಮೇಲೆ ಏರಬೇಕು, ಅದಕ್ಕೆ ಮುಳ್ಳು ತಣ್ಣಗಿದ್ದಾಗ ಹನ್ನೆರಡರಲ್ಲಿ ನಿಂತಿರಬೇಕು. ಕಾದರೆ ನೀರು ಉಬ್ಬುತ್ತದೆ, ಮುಳ್ಳು ಹದಿನೆಂಟು ಇಪ್ಪತ್ತಕ್ಕೆ ಹೋಗುತ್ತದೆ. ಉಬ್ಬಿದ ನೀರಿಗೆ ಜಾಗ ಬೇಕಲ್ಲ, ಅದಕ್ಕೆ ತೊಲೆಗಳ ನಡುವೆ ಒಂದು ಡ್ರಮ್ಮು ನೇತುಹಾಕಿರುತ್ತಾರೆ, ಅರ್ಧ ನೀರು, ಅರ್ಧ ಗಾಳಿ. ಗಾಳಿ ಒತ್ತಿಸಿಕೊಂಡು ನೀರಿಗೆ ಜಾಗ ಬಿಡುತ್ತದೆ. ಮುಳ್ಳು ಮೂವತ್ತು ಮುಟ್ಟಿದರೆ ಪಕ್ಕದ ವಾಲ್ವು ತಾನೇ ತೆರೆದು ನೀರು ಹೊರಗೆ ಬಿಡುತ್ತದೆ.

ಆ ವರ್ಷ ಚಳಿ ಶುರುವಾಗುತ್ತಿದ್ದಂತೆ ಮುಳ್ಳು ಮೂವತ್ತರ ಹತ್ತಿರವೇ ಓಡಾಡುತ್ತಿತ್ತು. ವಾಲ್ವಿನಿಂದ ತೊಟತೊಟ ನೀರು. ಡ್ರಮ್ಮಿನ ಗಾಳಿ ಹೋಗಿ ಪೂರ್ತಿ ನೀರೇ ತುಂಬಿಕೊಂಡಿದೆ, ಖಾಲಿ ಮಾಡಬೇಕು ಎಂದು ನನಗೆ ಗೊತ್ತಿತ್ತು. ಆದರೆ ನಾನು ತುಂಬು ಬಸುರಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೇ ಕಷ್ಟವಾಗಿತ್ತು. ಗಂಡನಿಗೆ ಹೇಳಿದರೆ, "ಅಯ್ಯಪ್ಪಾ, ನಾನು ಅದರ ತಂಟೆಗೆ ಹೋಗಲ್ಲ" ಅಂದ. ಹಾಗಾಗಿ ವಾಲ್ವಿನ ಕೆಳಗೆ ಒಂದು ಬಕೆಟ್ ಇಟ್ಟು ಸುಮ್ಮನಾದೆ.

ಅಷ್ಟರಲ್ಲಿ ಮಗಳು ಅವಸರ ಮಾಡಿಕೊಂಡು, ಬರಬೇಕಾದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಳು. ಸಿಸೇರಿಯನ್ ಆಯಿತು. ಮಗು ಅಂಗೈಯಷ್ಟು, ಕಾಲುಗಳಂತೂ ಹುರುಳಿಕಾಯಿ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳಿದ್ದರು: ಈ ಮಗು ತಣ್ಣಗಾಗಬಾರದು. ತಣ್ಣಗಾದರೆ ಮೈ ಕಾಯಿಸಿಕೊಳ್ಳುವುದಕ್ಕೇ ಇದ್ದಬದ್ದ ತೂಕ ಖರ್ಚು ಮಾಡುತ್ತದೆ, ತೂಕ ಇಳಿದರೆ ಮತ್ತೆ ಆಸ್ಪತ್ರೆಗೇ. ಅವತ್ತಿನಿಂದ ನನಗೆ ಒಂದು ಚಟ ಅಂಟಿಕೊಂಡಿತು. ಹಾಲು ಕೊಡುವಾಗ, ಕೊಟ್ಟ ಮೇಲೆ, ನಿದ್ದೆಗಣ್ಣಿನಲ್ಲಿ ಕೂಡ ಅವಳ ಪಾದ ಮುಟ್ಟಿ ನೋಡುವುದು.

ಬಾಣಂತನಕ್ಕೆ ಮೈಸೂರಿನಿಂದ ಅತ್ತೆ ಬಂದಿದ್ದರು. ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆ ಕೈತುಂಬ ಕೆಲಸ ಬಲ್ಲವರು, ಬಾಯಿಯೂ ಅಷ್ಟೇ ಜೋರು. ನನಗೋ ಕೋಪ ಮೂಗಿನ ತುದಿಯಲ್ಲೇ. ಎರಡು ಕಾಲು ಚಾಚಿ, ಅದರ ಮೇಲೆ ಮಗುವನ್ನು ಮಲಗಿಸಿಕೊಂಡು ಅವರು ನೀರು ಹಾಕುವುದನ್ನು ನೋಡಿದರೆ ಮಾತ್ರ ನನ್ನ ಬಾಯಿ ಮುಚ್ಚುತ್ತಿತ್ತು, ಅಷ್ಟು ಹದವಾದ ಕೈ. ಆದರೆ ನೀರು ಹಾಕಿದ ಮೇಲೆ ದಿನಾ ಒಂದೇ ರಾಗ.

"ಕೆಂಡ ಇಲ್ಲದ ಮನೇಲಿ ಬಾಣಂತನ ಹೇಗೆ ಮಾಡೋದು ಹೇಳು. ಅಂಗೈ ಕಾಯಿಸಿ ಮಗು ಹೊಟ್ಟೆಗೆ, ಕಾಲಿಗೆ ಶಾಖ ಕೊಡಬೇಕು. ನಿನ್ನ ಗಂಡನ್ನ ಹಾಗೇ ಬೆಳೆಸಿದ್ದು ನಾನು."

ಬಂದ ಹೊಸದರಲ್ಲಿ ಒಂದಿಷ್ಟು ಇದ್ದಿಲು ಹಚ್ಚಿ ಸಾಂಬ್ರಾಣಿ ಹಾಕಲು ಹೋಗಿದ್ದರು. ಹೊಗೆಯ ಅಲಾರಂ ಮನೆಯೇ ಹಾರಿಹೋಗುವಂತೆ ಅರಚಿಕೊಂಡಿತು, ಮಗು ಬೆಚ್ಚಿಬಿದ್ದು ಅತ್ತಿತು. ನಾನು ಇದ್ದಿಲನ್ನು ಕಸದ ಡಬ್ಬಿಗೆ ಹಾಕಿಸಿದೆ. ಅಂದಿನಿಂದ ಅತ್ತೆಗೆ ನನ್ನ ಮೇಲೆ ಸ್ವಲ್ಪ ಮುನಿಸಿತ್ತು.

ನರಕ ಚತುರ್ದಶಿಯ ಹಿಂದಿನ ದಿನ, ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯ ಹಳೇ ನೀರು ಚೆಲ್ಲಿ, ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಸಂಜೆ ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮಾರನೆಯ ಬೆಳಗ್ಗೆ ಆ ನೀರಿನಲ್ಲೇ ಎಣ್ಣೆ ಸ್ನಾನ. ಆ ಮಧ್ಯಾಹ್ನ ಅಪರೂಪಕ್ಕೆ ಬಿಸಿಲು ಬಂದಿತ್ತು. ಮನೆ ಬೆಚ್ಚಗಿದ್ದುದರಿಂದ ಬಾಯ್ಲರ್ ಬೆಳಗಿನಿಂದ ಉರಿದಿರಲಿಲ್ಲ. ಗಂಡ ಆಫೀಸಿನಲ್ಲಿದ್ದ. ನಾನು ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದೆ. ಅತ್ತೆ ಸೀರೆ ಎತ್ತಿಕಟ್ಟಿ, "ಹಬ್ಬದ ಕೆಲಸ ಸ್ವಲ್ಪ ಇದೆ" ಎಂದು ಬೇಸ್ಮೆಂಟಿಗೆ ಇಳಿದರು. ವಾಷಿಂಗ್ ಮಷೀನ್ ಇದ್ದುದು ಅಲ್ಲೇ, ಬಟ್ಟೆ ಒಗೆಯಲು ಹೋದರು ಅಂದುಕೊಂಡೆ.

ನಿದ್ದೆ ಹತ್ತಿರಬೇಕು. ಎಚ್ಚರವಾದಾಗ ಹೊತ್ತು ಇಳಿದಿತ್ತು, ಕಿಟಕಿಯ ಕೆಳಗಿನ ರೇಡಿಯೇಟರಿನೊಳಗೆ ಯಾರೋ ಗಂಟಲು ಮುಕ್ಕಳಿಸಿದಂತೆ ಗುಳುಗುಳು ಸದ್ದು. ಮೂರು ಚಳಿಗಾಲ ಆ ಯಂತ್ರದ ಜೊತೆ ಸಂಸಾರ ಮಾಡಿದವಳು ನಾನು, ಅಂಥ ಸದ್ದು ಕೇಳಿರಲಿಲ್ಲ. ಏಳುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೊಣಕೈವರೆಗೆ ಮಸಿ, ಮುಖದಲ್ಲಿ ಹಬ್ಬ.

"ಹಂಡೆ ತೊಳೆದಾಯ್ತು ಕಣಮ್ಮ. ಮುಚ್ಚಳ ಎಲ್ಲಿದೆ ಹೇಳು, ಕತ್ತಲಾಗೋದ್ರೊಳಗೆ ಹೊಸ ನೀರು ತುಂಬಬೇಕು."

"ಯಾವ ಹಂಡೆ ಅತ್ತೆ?"

"ಇನ್ಯಾವ್ದು? ಕೆಳಗೆ ಉರಿಯತ್ತಲ್ಲ, ಅದೇ. ಎಷ್ಟು ವರ್ಷದ ನೀರೇ ಅದು! ಡಿಕಾಕ್ಷನ್ ಥರಾ ಕಪ್ಪಗಿತ್ತು. ನಲ್ಲಿ ತಿರುಗಿಸಿ ಬಕೆಟ್ ಬಕೆಟ್ ಚೆಲ್ಲಿದೆ. ಆ ನೀರಲ್ಲಾ ನನ್ನ ಮೊಮ್ಮಗೂಗೆ ಸ್ನಾನ ಮಾಡಿಸಿದ್ದು ನಾನು!"

ನಾನು ಮಂಚದಿಂದಿಳಿದೆ. ಅದೇ ಗಳಿಗೆಗೆ ಸರಿಯಾಗಿ ಕೆಳಗಿನಿಂದ ಪಂಪಿನ ಗುಯ್ ಸದ್ದು, ಆಮೇಲೆ ಭುಸ್. ಬಿಸಿಲು ಹೋಗಿ ಮನೆ ತಣ್ಣಗಾಗಿತ್ತು, ಬಾಯ್ಲರ್ ತನ್ನ ಪಾಡಿಗೆ ತಾನು ಹೊತ್ತಿಕೊಂಡಿತ್ತು. ಒಳಗೆ ನೀರಿಲ್ಲ. ಖಾಲಿ ಬಾಣಲೆಯನ್ನು ಒಲೆ ಮೇಲಿಟ್ಟಂತೆ ಆ ಕಬ್ಬಿಣ ಸುಮ್ಮನೆ ಕಾಯುತ್ತದೆ, ಬಿರುಕು ಬಿಟ್ಟರೆ ಮುಗಿಯಿತು, ಈ ಚಳಿಗಾಲಕ್ಕೆ ಮನೆಯಲ್ಲಿ ಶಾಖವಿಲ್ಲ. ಅಡುಗೆಮನೆಯ ಪಕ್ಕ, ಬೇಸ್ಮೆಂಟಿನ ಮೆಟ್ಟಿಲ ತಲೆಯಲ್ಲಿ ಒಂದು ಕೆಂಪು ಸ್ವಿಚ್ಚಿದೆ, ಬಾಯ್ಲರಿನದು. ಹೊಲಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಿಹೋಗಿ ಅದನ್ನು ಆರಿಸಿದೆ. ಸದ್ದು ನಿಂತಿತು. ಆಮೇಲೆ ನನ್ನ ಸದ್ದು ಶುರುವಾಯಿತು.

"ಯಾರನ್ನ ಕೇಳಿ ಮಾಡಿದ್ರಿ? ಅದು ಸ್ನಾನದ ಹಂಡೆ ಅಲ್ಲ! ಮನೆ ಕಾಯಿಸೋ ನೀರು ಅದು! ಮಗೂಗೆ ಚಳಿ ಆಗ್ಬಾರ್ದು ಅಂತ ನಾನು ಹಗಲೂ ರಾತ್ರಿ ಬಡ್ಕೋತಿದೀನಿ, ನೀವು ಮನೆ ಶಾಖನೆಲ್ಲ ಮೋರಿಗೆ ಚೆಲ್ಲಿ ಬಂದಿದೀರಿ!"

ಅತ್ತೆಯ ಮುಖ ಸಪ್ಪಗಾಯಿತು. ತಿರುಗಿ ಜಗಳವಾಡುತ್ತಾರೆ ಅಂದುಕೊಂಡಿದ್ದೆ, ಆಡಲಿಲ್ಲ. ಮಸಿಯ ಕೈಗಳನ್ನು ಸೆರಗಿಗೆ ತಾಗದಂತೆ ದೂರ ಹಿಡಿದುಕೊಂಡು, "ಅದರ ಕೆಳಗೆ ಬಕೆಟ್ ಇಟ್ಟಿದ್ಯಲ್ಲೇ" ಅಂದರು. "ದಿನಾ ಬಿಸಿನೀರು ತೊಟ್ಟಿಕ್ತಾ ಇತ್ತು. ಸ್ನಾನದ ನೀರು ಅಲ್ಲಿಂದ್ಲೇ ಬರತ್ತೆ ಅಂದ್ಕೊಂಡೆ."

 ಫೋನ್ ತೆಗೆದುಕೊಂಡೆ. ಬಾಯ್ಲರ್ ರಿಪೇರಿಯವರು ನಾಳಿದ್ದು ಬರುತ್ತೇವೆ ಅಂದರು. ಗಂಡ ಗಾಬರಿಯಾಗಿ, "ಯಾರೂ ಏನೂ ಮುಟ್ಬೇಡಿ, ಬರ್ತಾ ಇದೀನಿ, ಎಲ್ಲಾ ಸಮಾಮಿಶ್‌ಗೆ ಹೋಗ್ಬಿಡೋಣ" ಅಂದ. ಅಲ್ಲಿ ನಮ್ಮ ಸ್ನೇಹಿತರ ಮನೆಯಲ್ಲಿ ಮಕ್ಕಳಿಗೆಲ್ಲ ಜ್ವರ, ಕೆಮ್ಮು. ಅಂಥ ಮನೆಗೆ ಈ ಹುರುಳಿಕಾಯಿಯನ್ನು ಕರೆದುಕೊಂಡು ಹೋಗುವುದೇ? ನಮ್ಮಲ್ಲಿದ್ದ ಒಂದು ಕರೆಂಟ್ ಹೀಟರನ್ನು ಕೋಣೆಯಲ್ಲಿ ಹಚ್ಚಿದೆ. ಹಳೇ ವೈರಿಂಗು, ಟಪ್ಪೆಂದು ಆ ಕೋಣೆಯ ಫ್ಯೂಸ್ ಹೋಯಿತು. ಮಗುವಿನ ಪಾದ ಮುಟ್ಟಿ ನೋಡಿದೆ. ಕಾಲುಚೀಲದೊಳಗೂ ತಣ್ಣಗಾಗುತ್ತಿತ್ತು.

ನಾನು ಮೆಟ್ಟಿಲಿಳಿಯುವ ಹಾಗಿರಲಿಲ್ಲ. ಬೇಸ್ಮೆಂಟಿನ ಮೆಟ್ಟಿಲು ಏಣಿಯಷ್ಟು ಕಡಿದು. ಇಳಿಯಬಲ್ಲವರು ಮನೆಯಲ್ಲಿ ಒಬ್ಬರೇ.

"ಅತ್ತೆ," ಅಂದೆ. "ನಾನು ಹೇಳ್ತೀನಿ, ನೀವು ಮಾಡಿ. ಮತ್ತೆ ತುಂಬೋಣ."

ಅವರು ಕನ್ನಡಕ ಹಾಕಿಕೊಂಡು ಇಳಿದರು. ಮಗುವನ್ನು ಎದೆಗೆ ಕಟ್ಟಿಕೊಂಡು, ಮೇಲೊಂದು ಶಾಲು ಹೊದ್ದು ನಾನು ಮೇಲಿನ ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ನನಗೆ ಬಾಯ್ಲರಿನ ಒಂದು ಮಗ್ಗುಲು ಮಾತ್ರ ಕಾಣುತ್ತಿತ್ತು. ನೋಡಿದರೆ ಅದರ ಹೊಟ್ಟೆಗೆ ರಂಗೋಲಿ ಪುಡಿಯ ಪಟ್ಟೆ, ಕೊರಳ ಕೊಳವೆಗೆ ನಮ್ಮ ಬೇಲಿಯ ಐವಿ ಬಳ್ಳಿ. ಹಾಗಲ ಬಳ್ಳಿ ಸಿಗಲಿಲ್ಲವಲ್ಲ, ಪಾಪ, ಸಿಕ್ಕಿದ್ದನ್ನು ಸುತ್ತಿದ್ದರು. ಅಷ್ಟು ಚೆಂದ ಮಾಡಿದ್ದರು.

"ಮೈ ಮುಟ್ಟಿ ನೋಡಿ, ಬಿಸಿ ಇದ್ಯಾ?"

"ಇದೆ, ಸ್ವಲ್ಪ. ಈಗ್ಲೇ ತಣ್ಣೀರು ಬಿಡೋದು ಬೇಡ ಕಣೆ, ಕಾದಿದ್ದಕ್ಕೆ ತಣ್ಣೀರು ಬಿದ್ರೆ ಬಿರಿಯತ್ತೆ."

ನಾನು ಹೇಳಬೇಕೆಂದಿದ್ದ ಮಾತೇ ಅದು. ಇಬ್ಬರೂ ಕಾದೆವು. ಅವರು ಕೆಳಗೆ, ನಾನು ಮೇಲೆ. ಕೊನೆಗೆ, "ಈಗ ಆರಿದೆ" ಅಂದರು.

"ಚೆಲ್ಲಿದ ನಲ್ಲಿ ಭದ್ರ ಮಾಡಿ. ಹಿಂದಿನ ಗೋಡೆ ಹತ್ರ ಇನ್ನೊಂದು ಸಣ್ಣ ನಲ್ಲಿ ಇದೆ. ಅದನ್ನ ನಿಧಾನಕ್ಕೆ ತಿರುಗಿಸಿ. ಗಡಿಯಾರದ ಥರಾ ಒಂದಿದ್ಯಲ್ಲ, ಅದರ ಮುಳ್ಳು ಎಲ್ಲಿದೆ ಹೇಳ್ತಾ ಇರಿ. ಹನ್ನೆರಡಕ್ಕೆ ಬಂದ ತಕ್ಷಣ ನಿಲ್ಲಿಸ್ಬೇಕು."

ನೀರು ಹರಿಯುವ ಸದ್ದು ಕೇಳಿಸಿತು. ಮುಳ್ಳಿನ ಲೆಕ್ಕ ಬರಲಿಲ್ಲ.

"ಎಷ್ಟಿದೆ ಅತ್ತೆ?"

"ಮುಳ್ಳು ಕಾಣ್ತಿಲ್ಲ."

"ಕಾಣ್ತಿಲ್ಲ ಅಂದ್ರೆ?"

ತಗ್ಗಿದ ದನಿಯಲ್ಲಿ ಉತ್ತರ ಬಂತು. "ಗಾಜಿನ ಮೇಲೆ ಅರಿಶಿನ ಕುಂಕುಮ ಇಟ್ಟಿದೀನಿ. ದೊಡ್ಡದಾಗೇ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಲಿಗೆ ಜಗ್ಗುತ್ತದೆ, ಅಯ್ಯೋ ಅಮ್ಮಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೆಳಗಿನಿಂದಲೂ ಕಿಸಕ್ಕೆಂದ ಸದ್ದು ಬಂತು. "ನಗ್ಬೇಡ್ವೇ, ಹೊಲಿಗೆ ಬಿಚ್ಕೊಂಡೀತು" ಎನ್ನುತ್ತ ಸೆರಗಿನಿಂದ ಗಾಜು ಒರೆಸಿದರು. "ಹಾಂ, ಕಂಡ್ತು. ಐದು. ಆರೂವರೆ. ಏಳು..." ಎಂದು ದೇವರ ನಾಮ ಹೇಳುವ ದನಿಯಲ್ಲಿ ಎಣಿಸತೊಡಗಿದರು. "ಹನ್ನೆರಡು! ನಿಲ್ಲಿಸ್ದೆ."

ಅಷ್ಟಕ್ಕೇ ಮುಗಿಯಲಿಲ್ಲ. ನೀರು ಖಾಲಿಯಾದಾಗ ರೇಡಿಯೇಟರುಗಳೊಳಗೆ ಗಾಳಿ ಸೇರಿಕೊಂಡಿತ್ತು. ಗಾಳಿ ಇದ್ದ ಕಡೆ ಬಿಸಿನೀರು ಬರುವುದಿಲ್ಲ. ಪ್ರತಿಯೊಂದರ ತುದಿಯಲ್ಲೂ ಒಂದು ಪುಟ್ಟ ತಿರುಪು ಇರುತ್ತದೆ, ಬೀಗದ ಕೈಯಂಥ ಕೀಲಿಯಿಂದ ಅದನ್ನು ಸಡಿಲಿಸಿ ಗಾಳಿ ಬಿಡಬೇಕು. ಅದು ನನ್ನ ಕೆಲಸ. ಮಗುವನ್ನು ಎದೆಗೆ ಕಟ್ಟಿಕೊಂಡೇ ಮಲಗುವ ಕೋಣೆಗೆ ಹೋಗಿ ತಿರುಪು ಸಡಿಲಿಸಿದೆ. ಬುಸ್ಸೆಂದು ಗಾಳಿ ಹೊರಟಿತು, ಹಳೇ ಕಬ್ಬಿಣದ ವಾಸನೆ. ಕೂಡಲೇ ಕೆಳಗಿನಿಂದ ಕೂಗು.

"ಇಳೀತಿದೆ! ಇಳೀತಿದೆ ಕಣೇ! ನಾನೇನೂ ಮುಟ್ಟಿಲ್ಲ!"

"ಗೊತ್ತು, ನಾನು ಇಲ್ಲಿ ಗಾಳಿ ಬಿಡ್ತಿದೀನಿ!"

"ನೀನು ಅಲ್ಲಿ ಬಿಟ್ರೆ ಇಲ್ಲಿ ಇಳಿಯತ್ತಾ?"

"ಎಲ್ಲಾ ಒಂದೇ ನೀರು ಅತ್ತೆ. ಮತ್ತೆ ಹನ್ನೆರಡು ಮಾಡಿ!"

ನಲ್ಲಿ ತಿರುಗಿದ ಸದ್ದು ಬಂತು. ಆಮೇಲೆ, "ಎಲಾ!" ಅಂದರು. ಆ ಒಂದು ಮಾತಿನಲ್ಲಿ ಎಷ್ಟು ಸಂತೋಷವಿತ್ತೆಂದರೆ, ನನ್ನ ಸಿಟ್ಟು ಎಲ್ಲಿ ಹೋಯಿತೋ ನನಗೇ ಗೊತ್ತಾಗಲಿಲ್ಲ. ಮೂರು ವರ್ಷದ ಹಿಂದೆ ಆ ಮುಳ್ಳನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನನಗೂ ಹಾಗೇ ಆಗಿತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗಂಡನಿಗೆ ಹೇಳಿದ್ದರೆ ಆಕಳಿಸುತ್ತಿದ್ದ.

ಒಂದೊಂದೇ ಕೋಣೆ ಮುಗಿಸಿದೆವು. ನಾನು "ಬಿಟ್ಟೆ" ಅನ್ನುತ್ತಿದ್ದೆ, ಅವರು "ಇಳೀತು" ಅನ್ನುತ್ತಿದ್ದರು. ತಿರುಪಿನಿಂದ ನೀರು ಚಿಮ್ಮಿದರೆ ನಾನು "ಸಾಕು", ಅವರು ನಲ್ಲಿ ತಿರುಗಿಸಿ "ಹನ್ನೆರಡು". ಹೊರಗೆ ಕತ್ತಲಾಗಿ ಮಳೆ ಹಿಡಿದಿತ್ತು. ನಡುನಡುವೆ ಪಾದ ಮುಟ್ಟಿ ನೋಡುತ್ತಿದ್ದೆ. ತಣ್ಣಗೇ ಇತ್ತು. ಮಗು ಅಳುತ್ತಲೂ ಇರಲಿಲ್ಲ, ಅದೇ ನನಗೆ ಹೆದರಿಕೆ.

"ಈಗ ಹಚ್ತೀನಿ ಅತ್ತೆ, ದೂರ ನಿಂತ್ಕೊಳ್ಳಿ" ಎಂದು ಕೆಂಪು ಸ್ವಿಚ್ಚು ಹಾಕಿದೆ. ಪಂಪು ಗುಯ್ಗುಟ್ಟಿತು. ಎಣ್ಣೆಯ ಮಂಜಿಗೆ ಕಿಡಿ ತಗುಲುವವರೆಗೆ ಕಿವಿಗೊಟ್ಟು ನಿಂತೆ. ಭುಸ್ ಎಂದಿತು. ಕಬ್ಬಿಣ ಸೀಳಿದ ಸದ್ದಿಲ್ಲ, ನೀರು ಸೋರಿದ ಸದ್ದಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಈಗ ಮುಳ್ಳು ಏರತ್ತೆ, ನೋಡ್ತಾ ಇರಿ. ಮೂವತ್ತರ ಹತ್ರ ಹೋದ್ರೆ ಕೂಗಿ."

ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಹದಿನಾಲ್ಕು ಅಂದರು, ಹದಿನಾರು ಅಂದರು. ಹದಿನೆಂಟು ಅಂದ ಮೇಲೆ ಲೆಕ್ಕ ನಿಂತಿತು.

"ಎಷ್ಟಿದೆ?"

"ಅಲ್ಲೇ ನಿಂತಿದೆ. ನಿನ್ನ ಬಕೆಟ್ಟಿಗೂ ತೊಟ್ಟಿಕ್ತಿಲ್ಲ."

ಆಗ ನನಗೆ ಹೊಳೆಯಿತು. ಇಡೀ ನೀರು ಚೆಲ್ಲಿದಾಗ ತೊಲೆಗಳ ನಡುವಿನ ಡ್ರಮ್ಮೂ ಖಾಲಿಯಾಗಿ, ಅದರೊಳಗೆ ಮತ್ತೆ ಗಾಳಿ ಸೇರಿತ್ತು. ನಾನು ಮಾಡಬೇಕೆಂದು ಬಿಟ್ಟಿದ್ದ ರಿಪೇರಿಯನ್ನು ಅತ್ತೆ ಗೊತ್ತಿಲ್ಲದೆ ಮಾಡಿ ಮುಗಿಸಿದ್ದರು. ಹೇಳುವುದೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ, ಯಾಕೆಂದರೆ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಆದರೂ ಹೇಳಿದೆ.

"ಮತ್ತೆ?" ಎನ್ನುತ್ತ ಅತ್ತೆ ಗೆದ್ದವರ ಹಾಗೆ ಮೆಟ್ಟಿಲು ಹತ್ತಿ ಬಂದರು. "ಹೊಸ ನೀರು ತುಂಬಿದ್ರೆ ಎಲ್ಲಾ ಸರಿಹೋಗತ್ತೆ. ಸುಮ್ಮನೆ ಮಾಡ್ತಾರಾ ಹಬ್ಬನಾ?"

ಅಷ್ಟರಲ್ಲಿ ಗಂಡ ಫೋರ್ ನಾಟ್ ಫೈವ್ ಹೆದ್ದಾರಿಯ ಟ್ರಾಫಿಕ್ಕಿನಿಂದ ಪಾರಾಗಿ, ನೆನೆದು ಬಂದ. ಕಾರಿನಲ್ಲಿ ಮಗುವಿನ ಸೀಟು, ಹೊದಿಕೆ, ಎಲ್ಲ ಸಜ್ಜು ಮಾಡಿಕೊಂಡಿದ್ದನಂತೆ. "ಎಲ್ಲಾ ಆಯ್ತು, ನೀನು ಕೈಕಾಲು ತೊಳ್ಕೊಂಡು ದೀಪ ಹಚ್ಚು" ಎಂದರು ಅವನ ತಾಯಿ. ಅವನು ಪೆದ್ದುಪೆದ್ದಾಗಿ ಇಬ್ಬರ ಮುಖವನ್ನೂ ನೋಡಿದ.

ಮಲಗುವ ಕೋಣೆಯ ರೇಡಿಯೇಟರ್ ಟಿಕ್ ಟಿಕ್ ಎನ್ನಲು ಶುರುಮಾಡಿತು, ಕಾಯುವಾಗ ಅದು ಹಾಗೆನ್ನುತ್ತದೆ. ಅತ್ತೆ ಸೋಪು ಹಚ್ಚಿ ಮಸಿ ತೊಳೆದುಕೊಂಡು ಬಂದು, ಕಬ್ಬಿಣಕ್ಕೆ ಅಂಗೈ ಇಟ್ಟು ನೋಡಿದರು. ತೆಗೆದರು, ಮತ್ತೆ ಇಟ್ಟರು. ಆಮೇಲೆ ಎರಡೂ ಅಂಗೈಗಳನ್ನು ಅದರ ಮೇಲೆ ಚೆನ್ನಾಗಿ ಕಾಯಿಸಿಕೊಂಡು, ತಮ್ಮ ಕೆನ್ನೆಗೆ ಮುಟ್ಟಿಸಿ ಹದ ನೋಡಿ, ಮಗುವಿನ ಹೊಟ್ಟೆಯ ಮೇಲಿಟ್ಟರು. ಮತ್ತೆ ಕಾಯಿಸಿ ಬೆನ್ನಿಗೆ. ಮತ್ತೆ ಕಾಯಿಸಿ, ಕಾಲುಚೀಲ ಬಿಚ್ಚಿ, ಆ ಎರಡು ಪಾದಗಳನ್ನು ಅಂಗೈಯೊಳಗೆ ಮುಚ್ಚಿಕೊಂಡರು.

"ಕೆಂಡ ಇಲ್ಲಿ ಇಟ್ಕೊಂಡು ನನಗೆ ಹೇಳ್ಲೇ ಇಲ್ವಲ್ಲೇ" ಅಂದರು.

ಮಗು ಬಾಯಿ ಚಪ್ಪರಿಸಿ, ಹಾಲಿಗಾಗಿ ಜೋರಾಗಿ ಅತ್ತಿತು. ಅಷ್ಟು ಜೋರಾಗಿ ಅದು ಅತ್ತಿದ್ದು ಅವತ್ತೇ ಮೊದಲು. ಎತ್ತಿಕೊಂಡು ಎದೆಗಿಟ್ಟುಕೊಂಡು, ಚಟದಂತೆ ಪಾದ ಮುಟ್ಟಿದೆ. ಬೆಚ್ಚಗಿತ್ತು. ಎರಡೂ.

ಅತ್ತೆ ಮತ್ತೆ ರೇಡಿಯೇಟರಿನ ಹತ್ತಿರ ಹೋಗಿ ಅಂಗೈ ಕಾಯಿಸಿಕೊಂಡು ಬಂದರು. ಮಗುವಿಗೆ ಸಾಕು ಅತ್ತೆ ಎನ್ನುವಷ್ಟರಲ್ಲಿ ಅವರು ಮಂಚದ ಪಕ್ಕ ನೆಲದಲ್ಲಿ ಕೂತು ನನ್ನ ಒಂದು ಪಾದವನ್ನು ಹಿಡಿದುಕೊಂಡಿದ್ದರು. ಅಷ್ಟು ಹೊತ್ತೂ ನಾನು ಬರಿಗಾಲಲ್ಲಿ ಆ ಮೆಟ್ಟಿಲ ಮೇಲೆ, ಆ ತಣ್ಣನೆ ಕೋಣೆಗಳಲ್ಲಿ ಓಡಾಡಿದ್ದೆ.

"ಅಷ್ಟು ಕೂಗ್ತೀಯ, ನಿನ್ನ ಕಾಲು ನೋಡ್ಕೊಂಡಿದೀಯಾ? ಮಂಜುಗಡ್ಡೆ ಆಗಿದೆ" ಎಂದು ಬೈದರು.

ನನಗೆ ಅಳು ಬಂತು. ಅಮ್ಮ ಹೋದ ಮೇಲೆ ನನ್ನ ಪಾದವನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಅತ್ತೆ ತಲೆಯೆತ್ತಲಿಲ್ಲ. ಎದ್ದು ಮತ್ತೆ ಅಂಗೈ ಕಾಯಿಸಿಕೊಂಡು ಬಂದು, ಇನ್ನೊಂದು ಕಾಲನ್ನು ಹಿಡಿದುಕೊಂಡರು.